ಡೈನೋ ಹೇಳುವ ನಂಬರ್, ಘಾಟಿ ಕೇಳುವ ನಂಬರ್

ಹಾಸ್ಟೆಲ್ ಕಟ್ಟೆ ಮೇಲೆ ಗಾಡಿ ವಿಷಯ ಬಂತು ಅಂದ್ರೆ ಮೊದಲ ಪ್ರಶ್ನೆ, "ಎಷ್ಟು ಎಚ್‌ಪಿ ಮಗಾ?" ಎರಡನೇದು, "ರೀಮ್ಯಾಪ್ ಮಾಡಿಸಿದ್ರೆ ಎಷ್ಟಾಗುತ್ತೆ?" ಅಷ್ಟರಲ್ಲಿ ಯಾರೋ ಒಬ್ಬ ಫೋನ್ ತೆಗೆದು ಡೈನೋ ಶೀಟಿನ ಫೋಟೋ ತೋರಿಸ್ತಾನೆ. ಎರಡು ಗೆರೆ, ಮೂಲೆಯಲ್ಲಿ ದಪ್ಪ ಅಕ್ಷರದ ಒಂದು ನಂಬರ್. ಚರ್ಚೆ ಅಲ್ಲಿಗೆ ಮುಗಿಯಿತು.

ನಮ್ಮ ಕಳಸದ ಕಡೆ ಪ್ರಶ್ನೆಯೇ ಬೇರೆ. ಬಾಳೆಹೊನ್ನೂರಿಂದ ಬನ್ನಿ, ಕೊಟ್ಟಿಗೆಹಾರದಿಂದ ಬನ್ನಿ, ಕಾರ್ಕಳದಿಂದ ಕುದುರೆಮುಖ ಹತ್ತಿ ಬನ್ನಿ, ಏರು ಮತ್ತು ತಿರುವು ತಪ್ಪಿದ್ದಲ್ಲ. ಕಾಫಿ ಮೂಟೆ ಸಾಗಿಸುವ ಪಿಕಪ್‌ನವರು, ಹೊರನಾಡಿನ ಕಡೆ ಜೀಪ್ ಓಡಿಸುವವರು ಕೇಳುವುದು ಒಂದೇ: "ಲೋಡ್ ಹಾಕಿದ್ರೆ ಎಳೆಯುತ್ತಾ?" ಈ ಪ್ರಶ್ನೆಗೂ ಡೈನೋ ಶೀಟಿನಲ್ಲಿ ಉತ್ತರ ಇದೆ. ಆದರೆ ಅದು ಮೂಲೆಯ ದಪ್ಪ ನಂಬರಿನಲ್ಲಿ ಇಲ್ಲ. ಎಲ್ಲಿದೆ, ಅದನ್ನು ಎಷ್ಟು ನಂಬಬಹುದು ಅನ್ನೋದೇ ಈ ಲೇಖನದ ವಿಷಯ. ರೀಮ್ಯಾಪಿಗೆ ಹತ್ತಾರು ಸಾವಿರ ಸುರಿಯುವ ಮೊದಲು ಒಮ್ಮೆ ಓದಿ.

ಲ್ಯಾಬಿನ ಹಗ್ಗದಿಂದ ಶುರು

ಮೆಕ್ಯಾನಿಕಲ್‌ನವರು ಡೈನೋವನ್ನು ಈಗಾಗಲೇ ನೋಡಿದ್ದೀರಿ. ಲ್ಯಾಬಿನಲ್ಲಿ ಸಿಂಗಲ್ ಸಿಲಿಂಡರ್ ಡೀಸೆಲ್ ಎಂಜಿನ್, ಅದರ ಡ್ರಮ್ಮಿಗೆ ಸುತ್ತಿದ ಹಗ್ಗ, ಒಂದು ತುದಿಗೆ ತೂಕ, ಇನ್ನೊಂದು ತುದಿಗೆ ಸ್ಪ್ರಿಂಗ್ ಬ್ಯಾಲೆನ್ಸ್. ಡ್ರಮ್ ಕಾಯದಿರಲಿ ಅಂತ ನೀರು ಬಿಡ್ತಾರೆ. ಅದೇ ರೋಪ್ ಬ್ರೇಕ್ ಡೈನಮೋಮೀಟರ್. ಫ್ರಾನ್ಸಿನ ಗ್ಯಾಸ್ಪಾರ್ ದ ಪ್ರೋನಿ 1821ರಲ್ಲಿ ಮಾಡಿದ ಬ್ರೇಕ್‌ನ ಕುಲದ್ದೇ ಇದು. 1877ರಲ್ಲಿ ಇಂಗ್ಲೆಂಡಿನ ವಿಲಿಯಂ ಫ್ರೌಡ್ ಹಡಗಿನ ದೊಡ್ಡ ಎಂಜಿನ್‌ಗಳಿಗಾಗಿ ನೀರಿನ ಬ್ರೇಕ್ ಮಾಡಿದರು. ಇವತ್ತಿನ ಎಡ್ಡಿ ಕರೆಂಟ್ ಡೈನೋದಲ್ಲಿ ಹಗ್ಗದ ಬದಲು ಅಯಸ್ಕಾಂತ ಇದೆ. ಉಪಾಯ ಮಾತ್ರ ಅದೇ: ಎಂಜಿನ್ ತಿರುಗದಂತೆ ಎದುರು ನಿಲ್ಲು, ಎಷ್ಟು ಜೋರಾಗಿ ನಿಲ್ಲಬೇಕಾಯ್ತು ಅಂತ ಅಳೆ.

ಗಮನಿಸಿ, ಇಲ್ಲಿ ಅಳೆಯೋದು ಟಾರ್ಕ್ ಮತ್ತು ಆರ್‌ಪಿಎಂ, ಎರಡೇ. ಎಚ್‌ಪಿಯನ್ನು ಯಾವ ಬ್ರೇಕೂ ನೇರವಾಗಿ ಅಳೆಯಲ್ಲ. ಅದು ಲೆಕ್ಕ ಹಾಕಿ ಬಂದದ್ದು. ಕಿಲೋವ್ಯಾಟ್ ಬೇಕಾದರೆ ಟಾರ್ಕ್ × ಆರ್‌ಪಿಎಂ ÷ 9549. ಇಷ್ಟು ನೆನಪಿದ್ದರೆ ಮುಂದಿನದ್ದೆಲ್ಲ ಸಲೀಸು.

ಟ್ಯೂನಿಂಗ್ ಅಂಗಡಿಗಳಲ್ಲಿ ಎಂಜಿನ್ ಬಿಚ್ಚಲ್ಲ, ಇಡೀ ಗಾಡಿಯನ್ನೇ ರೋಲರ್ ಮೇಲೆ ಹತ್ತಿಸಿ ಬೆಲ್ಟ್ ಬಿಗಿದು ಓಡಿಸ್ತಾರೆ. ಇದು ಚಾಸಿ ಡೈನೋ. ಇದರಲ್ಲೂ ಎರಡು ಬಗೆ. ಒಂದರಲ್ಲಿ ಭಾರವಾದ ಡ್ರಮ್ಮನ್ನು ಗಾಡಿ ಎಷ್ಟು ಬೇಗ ವೇಗಕ್ಕೆ ತಂದಿತು ಅಂತ ನೋಡಿ ಟಾರ್ಕ್ ಲೆಕ್ಕ ಹಾಕ್ತಾರೆ. ಇನ್ನೊಂದರಲ್ಲಿ ಬ್ರೇಕ್ ಇರುತ್ತೆ, ಬೇಕಾದ ಆರ್‌ಪಿಎಂನಲ್ಲಿ ಎಂಜಿನ್ನನ್ನು ಹಿಡಿದು ನಿಲ್ಲಿಸಬಹುದು. ಮೊದಲನೆಯದು ಓಟ ನೋಡೋಕೆ ಸಾಕು. ನಿಜವಾದ ಟ್ಯೂನಿಂಗಿಗೆ ಎರಡನೆಯದೇ ಬೇಕು.

ಒಂದು ನಂಬರಲ್ಲ, ಇಡೀ ಗೆರೆ

ಎಲ್ಲರಿಗೂ ಗೊತ್ತಿರುವ ಎರಡು ಗಾಡಿ ತಗೊಳ್ಳಿ. ಹಿಂದಿನ 1.2 ಲೀಟರ್ ಪೆಟ್ರೋಲ್ ಸ್ವಿಫ್ಟ್: ಸುಮಾರು 82 ಎಚ್‌ಪಿ, ಅದು ಸಿಗೋದು 6000 ಆರ್‌ಪಿಎಂನಲ್ಲಿ, ಟಾರ್ಕ್ 113 ನ್ಯೂಟನ್ ಮೀಟರ್, 4200ರಲ್ಲಿ. 1.5 ಲೀಟರ್ ಡೀಸೆಲ್ ಬೊಲೆರೊ: 75 ಎಚ್‌ಪಿ, 3600ರಲ್ಲಿ, ಟಾರ್ಕ್ 210, ಅದೂ 1600ರಿಂದ 2200ರ ನಡುವೆ. ದಪ್ಪ ನಂಬರ್ ನೋಡಿದರೆ ಸ್ವಿಫ್ಟ್ ಗೆದ್ದಿತು.

ಈಗ ಎರಡನ್ನೂ 1800 ಆರ್‌ಪಿಎಂನಲ್ಲಿ ಹೋಲಿಸಿ. ಬೊಲೆರೊ ಎಂಜಿನ್ 210 × 1800 ÷ 9549, ಅಂದರೆ ಸುಮಾರು 39.6 ಕಿಲೋವ್ಯಾಟ್ ಕೊಡುತ್ತೆ, 53 ಎಚ್‌ಪಿ. ಸ್ವಿಫ್ಟ್ ಎಂಜಿನ್ನಿಗೆ ಅಷ್ಟು ಕೆಳಗೆ ಪೂರ್ತಿ 113 ಸಿಗಲ್ಲ; ಸಿಕ್ಕಿತು ಅಂತಲೇ ಇಟ್ಟುಕೊಂಡರೂ 21.3 ಕಿಲೋವ್ಯಾಟ್, 29 ಎಚ್‌ಪಿ ಅಷ್ಟೆ. "ಕಮ್ಮಿ" ಎಚ್‌ಪಿಯ ಎಂಜಿನ್ ಅಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು ಎಳೆಯುತ್ತೆ.

ಘಾಟಿಗೆ ಎಷ್ಟು ಬೇಕು? ಲೋಡ್ ಸೇರಿ 2500 ಕಿಲೋ ತೂಗುವ ಗಾಡಿ, 10 ಮೀಟರಿಗೆ 1 ಮೀಟರ್ ಏರುವ ರಸ್ತೆ, ಗಂಟೆಗೆ 25 ಕಿಲೋಮೀಟರ್ ವೇಗ. ಏರಿಗೆ ಸುಮಾರು 17 ಕಿಲೋವ್ಯಾಟ್, ಟೈರ್ ಉರುಳೋಕೆ ಇನ್ನೊಂದು ಎರಡೂವರೆ. ಒಟ್ಟು 26 ಎಚ್‌ಪಿ ಆಸುಪಾಸು, ಅದೂ ಚಕ್ರದ ಹತ್ತಿರ. ಹಾಗಾಗಿ ಘಾಟಿ ನೂರು ಎಚ್‌ಪಿ ಕೇಳಲ್ಲ. ತಿರುವಿನಲ್ಲಿ ವೇಗ ಬಿದ್ದು, ಎಂಜಿನ್ 1500ಕ್ಕೆ ಇಳಿದಾಗ ಎಷ್ಟು ಉಳಿದಿದೆ ಅಂತ ಕೇಳುತ್ತೆ. ಗೇರ್ ಇಳಿಸಿದರೆ ಸ್ವಿಫ್ಟೂ ಆರಾಮಾಗಿ ಹತ್ತುತ್ತೆ, ಅದರ ತೂಕವೂ ಕಮ್ಮಿ. ಆದರೆ ತಿರುವು ತಿರುವಿಗೂ ಗೇರ್ ಇಳಿಸೋದು, ಕ್ಲಚ್ ತುಳಿಯೋದು ಬೊಲೆರೊಗೆ ಅಷ್ಟಾಗಿ ಬೇಡ. ಡೈನೋ ಶೀಟಿನಲ್ಲಿ ಇದನ್ನು ನೋಡಬೇಕಾದರೆ ಎಡಗಡೆಯ ಕೆಳ ಆರ್‌ಪಿಎಂ ಭಾಗ ನೋಡಬೇಕು. ಹೆಚ್ಚಿನವರು ನೋಡದೆ ಬಿಡೋದೂ ಅದನ್ನೇ.

ರೇಸಿನವರ ಲೆಕ್ಕ ಬೇರೆ ಅಂತೀರಾ? 2016ರಲ್ಲಿ ಏಷ್ಯಾ ಪೆಸಿಫಿಕ್ ರ್ಯಾಲಿ ಚಾಂಪಿಯನ್‌ಶಿಪ್‌ನ ಭಾರತದ ಸುತ್ತು ನಡೆದದ್ದು ನಮ್ಮ ಚಿಕ್ಕಮಗಳೂರಿನಲ್ಲೇ. ಆ ವರ್ಷದ ಚಾಂಪಿಯನ್ ಗೌರವ್ ಗಿಲ್ ಓಡಿಸಿದ್ದು ಸ್ಕೋಡಾ ಫ್ಯಾಬಿಯಾ ಆರ್‌5. ಆ ದರ್ಜೆಯ ಕಾರುಗಳಲ್ಲಿ ಟರ್ಬೊಗೆ ಮುಂಚೆ 32 ಮಿಲಿಮೀಟರಿನ ರಿಸ್ಟ್ರಿಕ್ಟರ್ ಕಡ್ಡಾಯ. ಫ್ಲೂಯಿಡ್ ಮೆಕ್ಯಾನಿಕ್ಸ್ ಪಾಠದ ಚೋಕ್ಡ್ ಫ್ಲೋ ನೆನಪು ಮಾಡಿಕೊಳ್ಳಿ: ಆ ಕಿಂಡಿಯಲ್ಲಿ ಗಾಳಿ ಶಬ್ದದ ವೇಗ ಮುಟ್ಟಿದ ಮೇಲೆ, ಎಷ್ಟೇ ಎಳೆದರೂ ಹೆಚ್ಚು ಗಾಳಿ ಬರಲ್ಲ. ಹಾಗಾಗಿ ಮೇಲಿನ ಆರ್‌ಪಿಎಂನಲ್ಲಿ ಎಚ್‌ಪಿ ಹುಡುಕಿ ಪ್ರಯೋಜನವಿಲ್ಲ. 1.6 ಲೀಟರಿನ ಆ ಎಂಜಿನ್ ಸುಮಾರು 420 ನ್ಯೂಟನ್ ಮೀಟರ್ ಕೊಡೋದು 4000 ಆರ್‌ಪಿಎಂ ಹತ್ತಿರ, ಗರಿಷ್ಠ ಪವರ್ 5000ದ ಒಳಗೇ. ರ್ಯಾಲಿ ಎಂಜಿನ್ ಕೂಡ ಬೇಡುವುದು ಅಗಲವಾದ ಗೆರೆಯನ್ನೇ.

ಡೈನೋ ಇಲ್ಲದೆ ಟ್ಯೂನಿಂಗ್ ಯಾಕೆ ಕುರುಡು

ಪೆಟ್ರೋಲ್ ಎಂಜಿನ್ನಿನ ಸ್ಪಾರ್ಕ್ ಟೈಮಿಂಗ್ ತಗೊಳ್ಳಿ. ಬ್ರೇಕ್ ಇರುವ ಡೈನೋದಲ್ಲಿ 2500 ಆರ್‌ಪಿಎಂನಲ್ಲಿ ಎಂಜಿನ್ ಹಿಡಿದು ನಿಲ್ಲಿಸಿ, ಸ್ಪಾರ್ಕನ್ನು ಒಂದೊಂದೇ ಡಿಗ್ರಿ ಮುಂದೆ ತರುತ್ತಾರೆ. ಟಾರ್ಕ್ ಏರುತ್ತಾ ಹೋಗಿ ಒಂದು ಕಡೆ ನಿಲ್ಲುತ್ತೆ. ಅಲ್ಲಿಂದ ಮುಂದೆ ತಂದರೆ ಟಾರ್ಕ್ ಬರಲ್ಲ, ನಾಕ್ ಆಗುವ ಅಪಾಯ ಮಾತ್ರ ಹೆಚ್ಚುತ್ತೆ. ಕೆಲವು ಎಂಜಿನ್ ಆ ಜಾಗ ಮುಟ್ಟುವ ಮೊದಲೇ ನಾಕ್ ಮಾಡುತ್ತೆ, ಆಗ ಹಿಂದೆ ಬರಲೇಬೇಕು. ಇದೇ ಕೆಲಸ ಪ್ರತಿ ಆರ್‌ಪಿಎಂಗೂ, ಪ್ರತಿ ಲೋಡಿಗೂ. ರಸ್ತೆಯಲ್ಲಿ 2500ರಲ್ಲೇ ಫುಲ್ ಥ್ರಾಟಲ್ ಹಿಡಿದು ನಿಲ್ಲೋಕೆ ಯಾರಿಂದ ಆಗುತ್ತೆ? ಜತೆಗೆ ಲ್ಯಾಂಬ್ಡಾ ಸೆನ್ಸರ್ ಇಟ್ಟು ಗಾಳಿ ಮತ್ತು ಪೆಟ್ರೋಲಿನ ಅನುಪಾತ ನೋಡ್ತಾರೆ. ಪುಸ್ತಕದ 14.7 ಸಾಮಾನ್ಯ ಓಟಕ್ಕೆ. ಫುಲ್ ಲೋಡಿನಲ್ಲಿ 12.5–13ರ ಹತ್ತಿರ ಇರಬೇಕಾಗುತ್ತೆ.

ಲ್ಯಾಪ್‌ಟಾಪ್ ಹಾಕಿ ಹತ್ತು ನಿಮಿಷದಲ್ಲಿ ಸಿದ್ಧ ಫೈಲ್ ತುಂಬಿಸಿ ಕಳಿಸುವುದು ಟ್ಯೂನಿಂಗ್ ಅಲ್ಲ. ಮೊದಲಿನ ಗೆರೆ, ಆಮೇಲಿನ ಗೆರೆ ಎರಡೂ ಕೈಗೆ ಬರದಿದ್ದರೆ ನೀವು ಕೊಂಡದ್ದು ನಂಬಿಕೆ ಮಾತ್ರ.

ನನ್ನ ಮಟ್ಟಿಗೆ ಡೈನೋದ ದೊಡ್ಡ ಉಪಯೋಗ ಇನ್ನೊಂದು: ಕಾಯಿಲೆ ಹಿಡಿಯೋದು. ಎಂಜಿನ್ ಆರ್‌ಪಿಎಂ ಏರುತ್ತೆ, ರೋಲರ್ ವೇಗ ಏರಲ್ಲ ಅಂದರೆ ಕ್ಲಚ್ ಜಾರುತ್ತಿದೆ. ಗೆರೆ ಮೇಲಕ್ಕೆ ಹೋಗುತ್ತಾ ಸುಸ್ತಾದರೆ ಡೀಸೆಲ್ ಫಿಲ್ಟರ್ ಕಟ್ಟಿರಬಹುದು. ಟರ್ಬೊ ಪೈಪ್ ಸೀಳಿದ್ದರೆ ನಡುವಿನ ಟಾರ್ಕ್ ಕುಸಿದಿರುತ್ತೆ. "ಗಾಡಿ ಎಳೀತಿಲ್ಲ" ಅನ್ನುವ ಹೆಚ್ಚಿನ ದೂರುಗಳಿಗೆ ಬೇಕಾದ್ದು ರೀಮ್ಯಾಪ್ ಅಲ್ಲ, ರಿಪೇರಿ.

ಆ ನಂಬರ್ ಎಷ್ಟು ನಂಬಬೇಕು

ಮೊದಲನೆಯದಾಗಿ, ಕಂಪನಿ ಹೇಳೋದು ಎಂಜಿನ್ ತುದಿಯ ಪವರ್, ಚಾಸಿ ಡೈನೋ ನೋಡೋದು ಚಕ್ರದ ಪವರ್. ಗೇರ್‌ಬಾಕ್ಸ್, ಡಿಫರೆನ್ಶಿಯಲ್, ಟೈರ್ ನಡುವೆ ನೂರಕ್ಕೆ 10ರಿಂದ 20ರಷ್ಟು ಹೋಗುತ್ತೆ. ಕೆಲವು ಶೀಟಿನಲ್ಲಿ ಅದನ್ನು ಅಂದಾಜಿನಲ್ಲಿ ಮತ್ತೆ ಕೂಡಿಸಿರ್ತಾರೆ. ಕೇಳಿ ತಿಳ್ಕೊಳ್ಳಿ.

ಎರಡನೆಯದು ಎತ್ತರ. ಕಳಸ ಸಮುದ್ರ ಮಟ್ಟದಿಂದ ಸುಮಾರು 800 ಮೀಟರ್ ಮೇಲಿದೆ, ಗಾಳಿಯ ಒತ್ತಡ 92 ಕಿಲೋಪಾಸ್ಕಲ್ ಹತ್ತಿರ. ಮಂಗಳೂರಿನ ಕಡಲ ತೀರದಲ್ಲಿ ಅದು 101. ಟರ್ಬೊ ಇಲ್ಲದ ಎಂಜಿನ್ ಕಳಸಕ್ಕೆ ಬಂದರೆ ನೂರಕ್ಕೆ ಎಂಟು ಒಂಬತ್ತರಷ್ಟು ದಮ್ಮು ಕಳ್ಕೊಳ್ಳುತ್ತೆ. 1930 ಮೀಟರಿನ ಮುಳ್ಳಯ್ಯನಗಿರಿಯ ತುದಿಯಲ್ಲಿ ಒತ್ತಡ 80 ಅಷ್ಟೆ, ಐದರಲ್ಲಿ ಒಂದು ಪಾಲು ಗಾಳಿಯೇ ಇಲ್ಲ. ಬೆಂಗಳೂರು ಕೂಡ 900 ಮೀಟರಿಗಿಂತ ಮೇಲಿದೆ.

ಇದನ್ನು ಸರಿಮಾಡೋಕೆ ಡೈನೋ ಸಾಫ್ಟ್‌ವೇರ್ ಕರೆಕ್ಷನ್ ಫ್ಯಾಕ್ಟರ್ ಹಾಕುತ್ತೆ. ಎಸ್‌ಎಇ ಜೆ1349 ಪ್ರಕಾರ 25 ಡಿಗ್ರಿ ಉಷ್ಣತೆ, 99 ಕಿಲೋಪಾಸ್ಕಲ್ ಒಣ ಗಾಳಿಗೆ ಲೆಕ್ಕ ಹೊಂದಿಸ್ತಾರೆ. ಬೆಂಗಳೂರಿನಂಥ ಊರಿನಲ್ಲಿ ಇದು ಅಳೆದ ನಂಬರಿಗೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಕೂಡಿಸುತ್ತೆ. ಟರ್ಬೊ ಇಲ್ಲದ ಎಂಜಿನ್ನಿಗೆ ಇದು ನ್ಯಾಯವೇ. ಟರ್ಬೊ ಗಾಡಿಯ ಇಸಿಯು ಮಾತ್ರ ಬೂಸ್ಟ್ ಹೆಚ್ಚಿಸಿ ಎತ್ತರದ ನಷ್ಟವನ್ನು ಬಹುಮಟ್ಟಿಗೆ ತಾನೇ ತುಂಬಿಕೊಂಡಿರುತ್ತೆ. ಅದರ ಮೇಲೆ ಇದೇ ಫ್ಯಾಕ್ಟರ್ ಹಾಕಿದರೆ ಇಲ್ಲದ ಎಚ್‌ಪಿ ಕಾಗದದ ಮೇಲೆ ಹುಟ್ಟುತ್ತೆ. ಕಟ್ಟೆ ಮೇಲೆ ತೋರಿಸುವ ಎಷ್ಟೋ ದಪ್ಪ ನಂಬರುಗಳ ಗುಟ್ಟು ಇದೇ ಇರಬಹುದು.

ಇದರ ಜೊತೆ ಟೈರಿನ ಗಾಳಿ, ಬೆಲ್ಟ್ ಬಿಗಿತ, ಎಂಜಿನ್ ಬಿಸಿ, ಯಾವ ಗೇರ್, ಮುಂದಿಟ್ಟ ಫ್ಯಾನ್ ಎಷ್ಟು ಗಾಳಿ ಹಾಕುತ್ತೆ ಎಲ್ಲವೂ ಸೇರುತ್ತೆ. ಹಾಗಾಗಿ ಎರಡು ಊರಿನ ಎರಡು ಡೈನೋಗಳ ನಂಬರ್ ಹೋಲಿಸಿ ಜಗಳ ಮಾಡೋದು ವ್ಯರ್ಥ. ಅದೇ ಡೈನೋ, ಅದೇ ದಿನ, ಅದೇ ಗೇರ್, ಮೊದಲು ಮೂರು ಓಟ, ಆಮೇಲೆ ಮೂರು ಓಟ: ಈ ಹೋಲಿಕೆ ಮಾತ್ರ ನಂಬುವಂಥದ್ದು. ಮೂರು ಓಟ ನೂರಕ್ಕೆ ಒಂದೆರಡರ ಒಳಗೆ ಕೂಡದಿದ್ದರೆ, ಐದು ಎಚ್‌ಪಿ ಬಂತು ಅನ್ನೋ ಮಾತಿಗೆ ಅರ್ಥವಿಲ್ಲ.

ಡೈನೋಗೆ ಗೊತ್ತಿಲ್ಲದ್ದು

ಡೈನೋ ಮೇಲಿನ ಗಾಡಿ ರಸ್ತೆ ಮೇಲಿನ ಗಾಡಿ ಅಲ್ಲ. ಇದನ್ನು ಜಗತ್ತಿಗೇ ತೋರಿಸಿದ್ದು ಫೋಕ್ಸ್‌ವ್ಯಾಗನ್ ಪ್ರಕರಣ. ಅವರ ಡೀಸೆಲ್ ಕಾರುಗಳ ಸಾಫ್ಟ್‌ವೇರ್, ಕಾರು ಹೊಗೆ ಪರೀಕ್ಷೆಯಲ್ಲಿದೆ ಅಂತ ಗುರುತಿಸಿ ಆಗ ಮಾತ್ರ ಸಾಧುವಾಗಿ ನಡ್ಕೊಳ್ತಿತ್ತು. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದವರು ಉಪಕರಣವನ್ನು ಕಾರಿನಲ್ಲೇ ಹೊತ್ತು ರಸ್ತೆಯಲ್ಲಿ ಅಳೆದಾಗ ವ್ಯತ್ಯಾಸ ಕಂಡಿತು. 2015ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪರಿಸರ ಇಲಾಖೆ ನೋಟಿಸ್ ಕೊಟ್ಟಿತು. ನಮ್ಮಲ್ಲೂ 2023ರ ಏಪ್ರಿಲ್‌ನಿಂದ ಬಿಎಸ್ 6ರ ಎರಡನೇ ಹಂತದಲ್ಲಿ ರಸ್ತೆ ಮೇಲಿನ ಹೊಗೆ ಪರೀಕ್ಷೆಯೂ ಸೇರಿದೆ.

ಪವರ್ ವಿಷಯದಲ್ಲೂ ಹೀಗೇ. ಡೈನೋ ಓಟ ಹತ್ತು ಹದಿನೈದು ಸೆಕೆಂಡಿನದ್ದು. ಘಾಟಿಯಲ್ಲಿ ಎರಡನೇ ಗೇರಿನಲ್ಲಿ ಅರ್ಧ ಗಂಟೆ ಎಳೆದಾಗ ನೀರು, ಆಯಿಲ್, ಟರ್ಬೊ ಎಷ್ಟು ಕಾಯುತ್ತೆ ಅಂತ ಆ ಶೀಟ್ ಹೇಳಲ್ಲ. ಡೀಸೆಲ್ ಹೆಚ್ಚು ಸುರಿದು ಪಡೆದ ಟಾರ್ಕ್ ಕಪ್ಪು ಹೊಗೆಯಾಗಿ, ಎಕ್ಸಾಸ್ಟ್ ಬಿಸಿಯಾಗಿ ತನ್ನ ಬೆಲೆ ಕೇಳೋದು ಅಲ್ಲಿಯೇ. ಹೆಚ್ಚಿದ ಟಾರ್ಕನ್ನು ಹಳೇ ಕ್ಲಚ್ ಪ್ಲೇಟ್ ತಾಳುತ್ತಾ ಅನ್ನೋದೂ ಬೇರೆ ಪ್ರಶ್ನೆ.

ಇನ್ನು ಹತ್ತಿದ್ದು ಇಳಿಯಬೇಕಲ್ಲ! ಅದೇ 2500 ಕಿಲೋ ಗಾಡಿ 500 ಮೀಟರ್ ಎತ್ತರ ಇಳಿದರೆ 12 ಮೆಗಾಜೂಲ್ ಶಕ್ತಿ ಎಲ್ಲಾದರೂ ಹೋಗಬೇಕು. ಸುಮಾರು 35 ಲೀಟರ್ ತಣ್ಣೀರನ್ನು ಕುದಿಸುವಷ್ಟು ಬಿಸಿ ಅದು. ಎಂಜಿನ್ ಬ್ರೇಕಿಂಗ್ ಅದರಲ್ಲಿ ಒಂದು ಪಾಲು ತಗೊಳ್ಳುತ್ತೆ, ಉಳಿದದ್ದು ಬ್ರೇಕ್ ಪ್ಯಾಡಿನ ಪಾಲು. ಮಳೆಗಾಲದ ಘಾಟಿಯಲ್ಲಿ ಜೀವ ಉಳಿಸೋದು ಬ್ರೇಕ್ ಮತ್ತು ಟೈರ್. ಇವೆರಡರ ಬಗ್ಗೆ ಪವರ್ ಶೀಟಿನಲ್ಲಿ ಒಂದು ಅಕ್ಷರವೂ ಇರಲ್ಲ. ಜತೆಗೆ ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಕೂಡ ನೆನಪಿರಲಿ: ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವಂತಿಲ್ಲ. ವಾರಂಟಿ ಹೋಗುವ ಮಾತಂತೂ ಇದ್ದೇ ಇದೆ.

ಏರನ್ನೇ ಡೈನೋ ಮಾಡ್ಕೊಳ್ಳಿ

ಮಿನಿ ಪ್ರಾಜೆಕ್ಟ್ ಹುಡುಕುತ್ತಿರುವವರಿಗೆ ಒಂದು ಐಡಿಯಾ. ತೂಕ, ಇಳಿಜಾರು, ವೇಗ ಗೊತ್ತಿದ್ದರೆ ಏರು ರಸ್ತೆಯೇ ಡೈನೋ. ಗಾಡಿಯನ್ನು ವೇಬ್ರಿಡ್ಜಿನಲ್ಲಿ ತೂಗಿ. ಮಾಲೀಕರನ್ನು ಕೇಳಿ, ಎಸ್ಟೇಟಿನ ಒಳಗಿನ ಖಾಲಿ ದಾರಿಯಲ್ಲಿ ಒಂದೇ ಸಮ ಏರುವ ನೂರಿನ್ನೂರು ಮೀಟರ್ ಆರಿಸಿ, ಲೆವೆಲ್ ಹಿಡಿದು ಇಳಿಜಾರು ಅಳೆಯಿರಿ. ಎರಡನೇ ಗೇರಿನಲ್ಲಿ 2000ದಿಂದ 3000 ಆರ್‌ಪಿಎಂಗೆ ಏರೋಕೆ ಎಷ್ಟು ಸೆಕೆಂಡ್ ಹಿಡಿಯಿತು ಅಂತ ಒಬಿಡಿ ಮೀಟರಿನಲ್ಲಿ ದಾಖಲಿಸಿ. ಏರಿಗೆ ಖರ್ಚಾದ ಶಕ್ತಿ, ವೇಗ ಹೆಚ್ಚಿಸಲು ಖರ್ಚಾದ ಶಕ್ತಿ ಎರಡನ್ನೂ ಕೂಡಿಸಿ. ಏರ್ ಫಿಲ್ಟರ್ ಬದಲಾಯಿಸಿ ಮತ್ತೆ ಮಾಡಿ. ಸಾರ್ವಜನಿಕ ರಸ್ತೆಯಲ್ಲಿ ಮಾತ್ರ ಬೇಡ.

ಮಾಡಿದರೆ ಒಂದು ವಿಷಯ ತಾನಾಗಿ ಅರ್ಥವಾಗುತ್ತೆ. 10 ಶೇಕಡ ಇಳಿಜಾರನ್ನು 9 ಅಂತ ಅಳೆದರೆ ಏರಿನ ಲೆಕ್ಕ ಹತ್ತರಲ್ಲಿ ಒಂದು ಪಾಲು ತಪ್ಪು. ಗಾಳಿ ಬೀಸಿದರೆ ಇನ್ನಷ್ಟು ತಪ್ಪು. ಈ ಗೊಂದಲಗಳನ್ನೆಲ್ಲ ಹೊರಗಿಟ್ಟು ಒಂದೇ ವಿಷಯ ಬದಲಿಸಿ ನೋಡುವ ಅನುಕೂಲವೇ ಡೈನೋ. ಅದಕ್ಕೇ ಅದಕ್ಕೆ ಬೆಲೆ.

ಹಾಗಾಗಿ ಡೈನೋಗೆ ಹೋಗುವ ಮೊದಲು ಸರ್ವೀಸ್ ಮಾಡಿಸಿ, ಕ್ಲಚ್, ಬ್ರೇಕ್, ಟೈರ್ ನೋಡಿಸಿ. ಹೋದ ಮೇಲೆ ಏನನ್ನೂ ಮುಟ್ಟಿಸದೆ ಮೊದಲ ಗೆರೆ ತೆಗೆಸಿ. ಯಾವ ಕರೆಕ್ಷನ್ ಹಾಕಿದ್ದಾರೆ, ನಂಬರ್ ಚಕ್ರದ್ದೋ ಎಂಜಿನ್ನಿನದೋ ಕೇಳಿ. ಆಮೇಲಿನ ಗೆರೆ ಬಂದಾಗ ಮೊದಲು 1500ರಿಂದ 2500ರ ನಡುವೆ ಬೆರಳಿಟ್ಟು ನೋಡಿ. ಅಲ್ಲಿ ಗೆರೆ ಕೆಳಗಿಳಿದಿದ್ದರೆ, ಮೂಲೆಯ ನಂಬರ್ ಎಷ್ಟೇ ದಪ್ಪ ಇರಲಿ, ಕಳಸದ ಏರಿಗೆ ಆ ಗಾಡಿ ಮೊದಲಿಗಿಂತ ಹಿಂದೆ ಬಿದ್ದಿದೆ ಅಂತಲೇ ಅರ್ಥ.