ಗಂಡಭೇರುಂಡ: ಬಳ್ಳಿಗಾವೆಯ ಕಂಬದಿಂದ ಅಶ್ವದಳದ ಬಿಲ್ಲೆಯವರೆಗೆ

ರಾಜ್ಯ ಸರಕಾರದ ಕಾಗದಪತ್ರಗಳ ಶಿರೋಭಾಗದಲ್ಲಿ, ಕಚೇರಿಗಳ ಫಲಕಗಳಲ್ಲಿ ಎರಡು ತಲೆಯ ಹಕ್ಕಿಯೊಂದನ್ನು ನಾವು ದಿನವೂ ಕಾಣುತ್ತೇವೆ. ಕಂಡು ಕಂಡು ಕಣ್ಣಿಗೆ ರೂಢಿಯಾದುದರ ಅರ್ಥವನ್ನು ವಿಚಾರಿಸುವ ಗೋಜಿಗೆ ಮನಸ್ಸು ಹೋಗುವುದಿಲ್ಲ. ಆದರೆ ಇದೇ ಗಂಡಭೇರುಂಡವನ್ನು ತಮ್ಮ ದಳದ ಲಾಂಛನವಾಗಿ ಧರಿಸಿದ ಮೈಸೂರಿನ ಕುದುರೆ ಸವಾರರು ಒಂದು ಶತಮಾನದ ಹಿಂದೆ ಕಡಲಾಚೆಯ ನೆಲದಲ್ಲಿ ಪ್ರಾಣವನ್ನು ಪಣವಾಗಿಟ್ಟು ಹೋರಾಡಿದರು. ಈ ಸಂಗತಿ ನಮ್ಮ ಮನೆಗಳ ಎಷ್ಟು ಮಕ್ಕಳಿಗೆ ತಿಳಿದಿದೆ?

ಸೈನ್ಯದಲ್ಲಿ ಪ್ರತಿಯೊಂದು ದಳಕ್ಕೂ ತನ್ನದೇ ಆದ ಲಾಂಛನವುಂಟು. ಟೋಪಿಯ ಬಿಲ್ಲೆಯಲ್ಲಿ, ಧ್ವಜದಲ್ಲಿ ಅದು ಮೆರೆಯುತ್ತದೆ. ಬೇರೆ ಬೇರೆ ಊರು, ಕುಲ, ಮತಗಳಿಂದ ಬಂದ ತರುಣರು ಅದನ್ನು ಧರಿಸಿದ ದಿನದಿಂದ ಒಂದೇ ಮನೆಯವರಾಗುತ್ತಾರೆ. ಅವರಿಗಿಂತ ಮೊದಲು ಅದನ್ನು ಧರಿಸಿ ಮಡಿದವರ ಕೀರ್ತಿಯೂ ಹೊಣೆಯೂ ಅವರ ಪಾಲಿಗೆ ಬರುತ್ತದೆ. ಆದುದರಿಂದಲೇ ಸೈನಿಕನಿಗೆ ಆ ಪುಟ್ಟ ಲೋಹದ ಬಿಲ್ಲೆ ಪ್ರಾಣದಷ್ಟು ಪ್ರಿಯ.

ಮೈಸೂರು ಸವಾರರ ಲಾಂಛನದ ಹೆಸರಿನಲ್ಲಿಯೇ ಅದರ ಅರ್ಥವಡಗಿದೆ. ‘ಗಂಡ’ ಎಂದರೆ ಹಳಗನ್ನಡದಲ್ಲಿ ಶೂರ, ಪರಾಕ್ರಮಿ. ವಿಜಯನಗರದ ಅರಸರ ‘ಮೂರು ರಾಯರ ಗಂಡ’ ಎಂಬ ಬಿರುದಿನಲ್ಲಿ ಈ ಅರ್ಥವೇ ಇದೆ. ‘ಭೇರುಂಡ’ವು ಭಯಂಕರವಾದ ಹಕ್ಕಿ. ಒಂದೇ ದೇಹ, ಎರಡು ತಲೆ. ಆನೆಯನ್ನೂ ಎತ್ತಿಕೊಂಡು ಹಾರಬಲ್ಲ ಬಲ. ಎರಡು ತಲೆಯ ಹದ್ದಿನ ಚಿತ್ರ ತಕ್ಷಶಿಲೆಯ ಸಿರ್ಕಪ್‌ನ ಸ್ತೂಪದ ಮೇಲೂ ಇದೆ, ರಷ್ಯದ ರಾಜಲಾಂಛನದಲ್ಲಿಯೂ ಇದೆ. ಆದರೆ ಕೊಕ್ಕಿನಲ್ಲಿಯೂ ಕಾಲಿನ ಉಗುರುಗಳಲ್ಲಿಯೂ ಆನೆಗಳನ್ನು ಹಿಡಿದ ಹಕ್ಕಿಯನ್ನು ನಾಣ್ಯದ ಮೇಲೆ ಅಚ್ಚು ಹಾಕಿಸಿದವನು ವಿಜಯನಗರದ ಅಚ್ಯುತರಾಯ. ಅವನ ಆಳ್ವಿಕೆಯ ಕಾಲ 1529ರಿಂದ 1542.

ಇದಕ್ಕೂ ಐದು ಶತಮಾನಗಳ ಹಿಂದಿನ ಕುರುಹು ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿದೆ. ಅಲ್ಲಮಪ್ರಭುಗಳ ಜನ್ಮಸ್ಥಳವೆಂದು ನಾವೆಲ್ಲರೂ ಭಕ್ತಿಯಿಂದ ನೆನೆಯುವ ಊರು ಅದು. ಬನವಾಸಿ ನಾಡನ್ನಾಳುತ್ತಿದ್ದ, ಚಾಲುಕ್ಯರ ಸಾಮಂತನಾದ ಚಾವುಂಡರಾಯರಸನು 1047ರಲ್ಲಿ ಅಲ್ಲಿ ಜಗದೇಕಮಲ್ಲೇಶ್ವರನ ಸನ್ನಿಧಿಯಲ್ಲಿ ಎತ್ತರವಾದ ಕಲ್ಲಿನ ಕಂಬವನ್ನು ನಿಲ್ಲಿಸಿ, ಅದರ ತುದಿಯಲ್ಲಿ ಭೇರುಂಡನನ್ನು ಪ್ರತಿಷ್ಠಾಪಿಸಿದನು. ಮನುಷ್ಯನ ಮೈ, ಹಕ್ಕಿಯ ಎರಡು ತಲೆಗಳುಳ್ಳ ಆ ವಿಗ್ರಹವನ್ನು ಜನರು ಭೇರುಂಡೇಶ್ವರನೆಂದು ಕರೆಯುತ್ತ ಬಂದಿದ್ದಾರೆ. ಅದೇ ಜಿಲ್ಲೆಯ ಕೆಳದಿಯ ರಾಮೇಶ್ವರ ದೇವಾಲಯದಲ್ಲಿ, ನಮ್ಮ ಸಮಾಜದವರೇ ಆದ ಕೆಳದಿ ನಾಯಕರ ನೆಲೆಯಲ್ಲಿ, ಗಂಡಭೇರುಂಡದ ಸುಂದರ ಕೆತ್ತನೆಯನ್ನು ನಾವು ನೋಡಬಹುದು.

ಪುರಾಣಗಳಲ್ಲಿ ಈ ಹಕ್ಕಿಯನ್ನು ಕುರಿತು ಪೈಪೋಟಿಯ ಕಥೆಯೂ ಇದೆ. ನರಸಿಂಹನ ಉಗ್ರವನ್ನು ಶಮನಗೊಳಿಸಲು ಶಿವನು ಶರಭರೂಪ ತಾಳಿದನೆಂದು ಶೈವರು ಹೇಳಿದರೆ, ಆ ಶರಭನನ್ನು ಮೀರಿಸಲು ವಿಷ್ಣುವೇ ಗಂಡಭೇರುಂಡನಾದನೆಂದು ವೈಷ್ಣವರು ಹೇಳುತ್ತಾರೆ. ಹೀಗಿದ್ದರೂ ಬಳ್ಳಿಗಾವೆಯಲ್ಲಿ ಇದೇ ಹಕ್ಕಿ ಶಿವನ ಮುಂದೆ ನಿಂತಿತು. ವಿಜಯನಗರದ ಹೊನ್ನಿನ ನಾಣ್ಯದ ಮೇಲೂ ಮೂಡಿತು. ಮುಂದೆ ಮೈಸೂರು ಒಡೆಯರ ರಾಜಲಾಂಛನವೂ ಆಯಿತು. ಒಂದು ಮತಕ್ಕೆ ಕಟ್ಟುಬೀಳದೆ ಇಡೀ ನಾಡಿನ ಗುರುತಾಗಿ ಬೆಳೆದುದೇ ಇದರ ಹಿರಿಮೆಯೆಂದು ನಮಗೆ ತೋರುತ್ತದೆ.

ಮೈಸೂರು ಸಂಸ್ಥಾನದ ಭರ್ಜಿ ಹಿಡಿದ ಅಶ್ವದಳಕ್ಕೆ ‘ಮೈಸೂರು ಲ್ಯಾನ್ಸರ್ಸ್’ ಎಂದು ಹೆಸರು. ರಾಜಲಾಂಛನವೇ ಆ ದಳದ ಲಾಂಛನವೂ ಆಯಿತು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಈ ಸವಾರರು ತಮ್ಮ ಕುದುರೆಗಳೊಡನೆ ಹಡಗೇರಿ ಈಜಿಪ್ಟಿಗೆ ಹೋದರು. ಸೂಯೆಜ್ ಕಾಲುವೆಯ ರಕ್ಷಣೆಯಲ್ಲಿ ದುಡಿದ ಬಳಿಕ ಪ್ಯಾಲೆಸ್ಟೈನಿನತ್ತ ಸಾಗಿದರು. ಜೋಧಪುರ, ಹೈದರಾಬಾದು ಸಂಸ್ಥಾನಗಳ ಸವಾರರೂ ಇವರ ಜೊತೆಗಾರರಾಗಿದ್ದರು.

1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಮುಂದೆ ಅವರ ಪರೀಕ್ಷೆಯ ಘಳಿಗೆ ಬಂದಿತು. ದಾರಿಯ ಒಂದು ಮಗ್ಗುಲಲ್ಲಿ ಕಿಷೋನ್ ನದಿ, ಇನ್ನೊಂದು ಮಗ್ಗುಲಲ್ಲಿ ಕಾರ್ಮೆಲ್ ಬೆಟ್ಟ. ಬೆಟ್ಟದ ಮೇಲೆ ತುರ್ಕರ ಫಿರಂಗಿಗಳು, ತಪ್ಪಲಿನಲ್ಲಿ ಮಷಿನ್‌ಗನ್ನುಗಳು. ಮೈಸೂರಿನ ಒಂದು ತುಕಡಿ ಬೆಟ್ಟವನ್ನೇರಿ ಫಿರಂಗಿಗಳ ಮೇಲೆ ಎರಗಿತು. ಕೆಳಗಿನ ದಾರಿಯಲ್ಲಿ ಜೋಧಪುರದವರು ನೇರವಾಗಿ ಕುದುರೆಗಳನ್ನು ನುಗ್ಗಿಸಿದರು. ಅವರ ನಾಯಕ ಮೇಜರ್ ದಲಪತ್ ಸಿಂಗ್ ಅಲ್ಲಿಯೇ ಮಡಿದರು. ಸಂಜೆಯ ಹೊತ್ತಿಗೆ ಪಟ್ಟಣ ಕೈವಶವಾಗಿತ್ತು. ಗುಂಡಿನ ಮಳೆಗೆ ಭರ್ಜಿ ಕತ್ತಿಗಳೊಡನೆ ಎದೆಯೊಡ್ಡಿದ ಆ ಕಾಳಗದಲ್ಲಿ 8 ಜನ ಪ್ರಾಣವಿತ್ತರು, 34 ಜನ ಗಾಯಗೊಂಡರು. 60 ಕುದುರೆಗಳು ಸತ್ತವು. ಯುದ್ಧ ಪರರದು, ನೆಲ ಪರರದು. ಮರಳಿ ಬಾರದ ಮಗನಿಗಾಗಿ ಬತ್ತಿದ ಕಣ್ಣೀರು ಮಾತ್ರ ನಮ್ಮ ನಾಡಿನ ಮನೆಗಳದು. ಲಾಂಛನದ ಹೊಳಪನ್ನು ಕೊಂಡಾಡುವಾಗ ಈ ಮಾತನ್ನು ನಾವು ಮರೆಯಲಾಗದು.

ಸ್ವಾತಂತ್ರ್ಯಾನಂತರ ಸಂಸ್ಥಾನಗಳು ಭಾರತದಲ್ಲಿ ವಿಲೀನವಾದವು; ಅವುಗಳ ಸೈನ್ಯಗಳೂ ಭಾರತದ ಸೈನ್ಯದಲ್ಲಿ ಬೆರೆತವು. ಮೈಸೂರು, ಗ್ವಾಲಿಯರ್, ಜೋಧಪುರ, ಜಯಪುರ, ಪಟಿಯಾಲಗಳ ಸವಾರರನ್ನು ಕೂಡಿಸಿ 1953ರಲ್ಲಿ ಹೊಸ ಅಶ್ವದಳವೊಂದನ್ನು ಕಟ್ಟಲಾಯಿತು. ಅದೇ ಇಂದಿನ ‘61ನೆಯ ಕ್ಯಾವಲ್ರಿ’. ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ಕುದುರೆಗಳನ್ನೇರಿ ಗಂಭೀರವಾಗಿ ಸಾಗುವ ಈ ದಳವನ್ನು ದೂರದರ್ಶನದಲ್ಲಿ ನಮ್ಮಲ್ಲಿ ಅನೇಕರು ನೋಡಿದ್ದೇವೆ. ಅದರ ಲಾಂಛನದಲ್ಲಿರುವುದೂ ಎರಡು ತಲೆಯ ಹಕ್ಕಿಯೇ. ಎದೆಯ ಮೇಲೆ ನಾಗರಿ ಅಂಕಿಗಳಲ್ಲಿ 61, ಕೆಳಗಿನ ಪಟ್ಟಿಯಲ್ಲಿ ‘ಅಶ್ವ ಶಕ್ತಿ ಯಶೋಬಲ’ ಎಂಬ ಧ್ಯೇಯವಾಕ್ಯ. ಹಲವು ಸಂಸ್ಥಾನಗಳ ಸವಾರರು ಒಂದಾದ ದಳಕ್ಕೆ, ತಲೆಗಳು ಬೇರೆಯಾದರೂ ಎದೆ ಒಂದೇ ಆಗಿರುವ ಹಕ್ಕಿಗಿಂತ ತಕ್ಕ ಗುರುತು ಇನ್ನಾವುದಿದ್ದೀತು?

ಹೈಫಾದ ವೀರರ ನೆನಪಿಗಾಗಿ ದೆಹಲಿಯಲ್ಲಿ ಮೂರು ಸೈನಿಕರ ವಿಗ್ರಹಗಳುಳ್ಳ ಸ್ಮಾರಕವನ್ನು ನಿಲ್ಲಿಸಲಾಯಿತು. ಮೈಸೂರು, ಹೈದರಾಬಾದು, ಜೋಧಪುರಗಳ ಪ್ರತೀಕವಾದ ಆ ಮೂರ್ತಿಗಳಿಂದಲೇ ‘ತೀನ್ ಮೂರ್ತಿ’ ಎಂಬ ಹೆಸರು ಬಂದಿತು. 2018ರಲ್ಲಿ ಆ ವೃತ್ತಕ್ಕೆ ‘ತೀನ್ ಮೂರ್ತಿ ಹೈಫಾ ಚೌಕ’ವೆಂದು ನಾಮಕರಣವಾಯಿತು. ಬೆಂಗಳೂರಿನ ಜೆ.ಸಿ. ನಗರದಲ್ಲಿಯೂ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ರಾಜಧಾನಿಗೆ ಹೋಗಿಬರುವ ನಮ್ಮ ಕುಟುಂಬಗಳು ಅರಮನೆ, ತೋಟಗಳನ್ನು ನೋಡುವಂತೆ ಅಲ್ಲಿಯೂ ಒಂದು ಘಳಿಗೆ ನಿಂತು, ಆ ಸವಾರರ ಕಥೆಯನ್ನು ಮಕ್ಕಳಿಗೆ ಹೇಳಲಿ. ಅನಂತರ ಶಾಲೆಯ ಪ್ರಮಾಣಪತ್ರದಲ್ಲಿಯೋ ಜಾತ್ರೆಯ ದಾರಿಯ ಸರಕಾರಿ ಫಲಕದಲ್ಲಿಯೋ ಗಂಡಭೇರುಂಡವನ್ನು ಕಂಡಾಗ, ಅದು ಬರಿಯ ಮುದ್ರೆಯಾಗಿ ಆ ಮಕ್ಕಳಿಗೆ ತೋರಲಾರದು.