ಒಂಬತ್ತು ಇಮಾನದ ಊರು

2023ರ ನವೆಂಬರ್ 19ರಂದು ಅಹಮದಾಬಾದಿನಲ್ಲಿ ವಿಶ್ವಕಪ್ ಫೈನಲ್ ಶುರುವಾಗುವ ಮುನ್ನ ಕೆಂಪು–ಬಿಳಿ ಬಣ್ಣದ ಒಂಬತ್ತು ವಿಮಾನಗಳು ಕ್ರೀಡಾಂಗಣದ ನೆತ್ತಿಯ ಮೇಲೆ ಒಂದೇ ಗೆರೆ ಎಳೆದಂತೆ ಹಾದುಹೋದವು. ಟಿ.ವಿ. ಮುಂದೆ ಕೂತ ದೇಶ ಬೆರಗಾಯಿತು. ಬೀದರಿನವರಿಗೆ ಅದು ಪರಿಚಯದ ಮುಖ. ತಾಲೀಮಿನ ದಿನಗಳಲ್ಲಿ ಇದೇ ಒಂಬತ್ತು ವಿಮಾನಗಳು ಕೋಟೆಯ ಬುರುಜುಗಳಾಚೆ ಎದ್ದು, ಭಾಲ್ಕಿ, ಔರಾದದ ತೊಗರಿ ಹೊಲಗಳ ಮೇಲೆ ಮಗುಚಿ ಹಾರುವುದನ್ನು ಅವರು ಟಿಕೆಟ್ಟಿಲ್ಲದೆ ನೋಡಿದ್ದಾರೆ. ‘ಇವತ್ತ ಒಂಬತ್ತೂ ಹಾರ್ಲತ್ತಾವ್ರಿ’ ಎಂದು ಒಬ್ಬರಿಗೊಬ್ಬರು ಹೇಳಿ, ಮತ್ತೆ ಕೆಲಸಕ್ಕೆ ಬಗ್ಗುತ್ತಾರೆ.

ಈ ಒಂಬತ್ತನ್ನು ಹಾರಿಸುವ, ವಾಯುಪಡೆಯ ಪ್ರದರ್ಶನ ತಂಡವಾದ ಸೂರ್ಯಕಿರಣ ಹುಟ್ಟಿದ್ದು ಬೀದರಿನಲ್ಲಿ, 1996ರ ಮೇ ತಿಂಗಳಲ್ಲಿ. ಅದಕ್ಕೂ ಮುಂಚೆ, ವಾಯುಪಡೆಗೆ ಐವತ್ತು ತುಂಬಿದ 1982ರಲ್ಲಿ ಹಂಟರ್ ವಿಮಾನಗಳ ‘ಥಂಡರ್‌ಬೋಲ್ಟ್ಸ್’ ಎಂಬ ತಂಡ ಕಟ್ಟಿದ್ದರು. ಅದು ಆ ದಶಕ ಮುಗಿಯುವಷ್ಟರಲ್ಲಿ ನಿಂತುಹೋಯಿತು. ಹೊಸ ತಂಡವನ್ನು ಕಟ್ಟುವ ಕೆಲಸ ವಿಂಗ್ ಕಮಾಂಡರ್ ಕುಲದೀಪ್ ಮಲಿಕ್ ಅವರ ಪಾಲಿಗೆ ಬಂತು. ಕೈಗೆ ಸಿಕ್ಕಿದ್ದು ಆರು ವಿಮಾನ, ಅದೂ ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ಕಿರಣ್ ಮಾರ್ಕ್–2. ಅದೇ ಸೆಪ್ಟೆಂಬರಿನಲ್ಲಿ ಕೊಯಮತ್ತೂರಿನಲ್ಲಿ ಮೊದಲ ಪ್ರದರ್ಶನ. 1998ರಲ್ಲಿ ವಿಮಾನಗಳು ಒಂಬತ್ತಾದವು. 2006ರಲ್ಲಿ ತಂಡಕ್ಕೆ 52ನೇ ಸ್ಕ್ವಾಡ್ರನ್ ಎಂಬ ಪೂರ್ಣ ದರ್ಜೆ ಸಿಕ್ಕಿತು. ಶ್ರೀಲಂಕಾ, ಸಿಂಗಪುರ, ಚೀನಾದ ಝುಹಾಯ್‌ವರೆಗೂ ಹೋಗಿ ಬಂದ ತಂಡವಿದು.

ಕಿರಣ್ ಯುದ್ಧವಿಮಾನವಲ್ಲ, ಹೊಸಬರು ಹಾರಾಟ ಕಲಿಯುವ ವಿಮಾನ. ಇಂಥ ತಂಡಗಳಲ್ಲಿ ಎರಡು ಪರಂಪರೆಗಳಿವೆ. ಅಮೆರಿಕದ ನೌಕಾಪಡೆ 1946ರಲ್ಲಿ ‘ಬ್ಲೂ ಏಂಜಲ್ಸ್’ ಕಟ್ಟಿತು. ಮಹಾಯುದ್ಧ ಮುಗಿದಿತ್ತು, ಜನರ ಗಮನ ಬೇರೆಡೆ ತಿರುಗಿತ್ತು. ನೌಕಾ ವಿಮಾನಗಳ ಮೇಲಿನ ಅವರ ಆಸಕ್ತಿ ಆರದಿರಲಿ ಎಂಬುದು ಉದ್ದೇಶ. 1953ರಲ್ಲಿ ಅಲ್ಲಿನ ವಾಯುಪಡೆಯ ‘ಥಂಡರ್‌ಬರ್ಡ್ಸ್’ ಬಂತು. ಇವೆರಡೂ ಇಂದಿಗೂ ಹಾರುವುದು ನೇರ ಯುದ್ಧವಿಮಾನಗಳಲ್ಲೇ: ಎಫ್–18, ಎಫ್–16. ತನ್ನ ಬಳಿ ಇರುವ ಅಸ್ತ್ರವನ್ನೇ ಮೆರೆಸಬೇಕು ಎನ್ನುವುದು ಅಮೆರಿಕದ ಮನೋಧರ್ಮ. ಬ್ರಿಟನ್ನಿನ ‘ರೆಡ್ ಆ್ಯರೋಸ್’ ಮತ್ತು ನಮ್ಮ ಸೂರ್ಯಕಿರಣದ ದಾರಿ ಬೇರೆ. ಇಲ್ಲಿ ಮೆರೆಯುವುದು ಕಲಿಕೆಯ ವಿಮಾನ; ನಮ್ಮಲ್ಲಂತೂ ಹಾರಿಸುವವರೂ ಮೇಷ್ಟ್ರುಗಳೇ. ಶುರುವಿನಿಂದಲೂ ಸೂರ್ಯಕಿರಣದ ಪೈಲಟ್‌ಗಳು ಹಾರಾಟ ಕಲಿಸುವ ಅರ್ಹತೆ ಪಡೆದ ಬೋಧಕರು. ನನಗಂತೂ ಎರಡನೆಯ ದಾರಿಯೇ ಹೆಚ್ಚು ಇಷ್ಟ. ಶಾಲಾ ವಾರ್ಷಿಕೋತ್ಸವದಲ್ಲಿ ಮೇಷ್ಟ್ರುಗಳೇ ವೇಷ ಕಟ್ಟಿದಂತೆ ಅದು.

ಬೋಧಕರಾದರೂ ಆಟ ಸುಲಭದ್ದಲ್ಲ. ಪಕ್ಕದ ವಿಮಾನದ ರೆಕ್ಕೆಗೂ ತನ್ನ ರೆಕ್ಕೆಗೂ ನಡುವೆ ಐದು ಮೀಟರಿನಷ್ಟು ಜಾಗ, ವೇಗ ಗಂಟೆಗೆ ನೂರಾರು ಕಿಲೋಮೀಟರ್. ನಾಯಕನೊಬ್ಬನ ಹೊರತು ಮಿಕ್ಕವರಾರೂ ನೆಲ ನೋಡುವುದಿಲ್ಲ, ದಿಗಂತ ನೋಡುವುದಿಲ್ಲ. ಪಕ್ಕದ ವಿಮಾನದ ಮೈಮೇಲೆ ಗೊತ್ತು ಮಾಡಿಕೊಂಡ ಗುರುತಿನಿಂದ ಅವರು ಕಣ್ಣು ಕೀಳುವಂತಿಲ್ಲ. ತಲೆಕೆಳಗಾದಾಗಲೂ ಅದೇ ಗುರುತು, ರೇಡಿಯೊದಲ್ಲಿ ಅದೇ ಒಂದು ದನಿ. ಇದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. 2006ರ ಮಾರ್ಚಿನಲ್ಲಿ ಬೀದರಿನಲ್ಲೇ ಅಭ್ಯಾಸದ ವೇಳೆ ವಿಂಗ್ ಕಮಾಂಡರ್ ಧೀರಜ್ ಭಾಟಿಯಾ, ಸ್ಕ್ವಾಡ್ರನ್ ಲೀಡರ್ ಶೈಲೇಂದರ್ ಸಿಂಗ್ ತೀರಿಕೊಂಡರು. 2009ರ ಜನವರಿಯಲ್ಲಿ, ಮತ್ತೆ ಬೀದರಿನ ಬಳಿಯೇ, ವಿಂಗ್ ಕಮಾಂಡರ್ ಧಾಲಿವಾಲ್. 2019ರ ಫೆಬ್ರುವರಿ 19ರಂದು, ಏರೋ ಇಂಡಿಯಾ ಆರಂಭದ ಹಿಂದಿನ ದಿನ, ಯಲಹಂಕದ ಮೇಲೆ ಎರಡು ವಿಮಾನ ಡಿಕ್ಕಿಯಾಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ.

ತಂಡದ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಅರ್ಥಪೂರ್ಣ ಎನಿಸುವುದು ಅದು ಹಾರದೆ ಉಳಿದ ಕಾಲ. 2009ರಲ್ಲಿ ಹೊಸಬರಿಗೆ ಮೊದಲ ಪಾಠ ಹೇಳುತ್ತಿದ್ದ ಎಚ್‌ಪಿಟಿ–32 ವಿಮಾನಗಳು ಅಪಘಾತಗಳ ಕಾರಣಕ್ಕೆ ನೆಲಕ್ಕಿಳಿದವು. ಕಲಿಸಲು ವಿಮಾನಗಳೇ ಸಾಲದಾದವು. ಆಗ ವಾಯುಪಡೆ ಕಣ್ಣು ಹಾಯಿಸಿದ್ದು ಸೂರ್ಯಕಿರಣದ ಕಿರಣ್‌ಗಳ ಮೇಲೆ. 2011ರ ಫೆಬ್ರುವರಿಯ ಏರೋ ಇಂಡಿಯಾ ಮುಗಿಯುತ್ತಲೇ ತಂಡ ನಿಂತಿತು, ವಿಮಾನಗಳು ಪಾಠಕ್ಕೆ ಹೋದವು. ಮೆರವಣಿಗೆಯ ಕುದುರೆಗಳನ್ನು ಬಿಚ್ಚಿ ಹೊಲಕ್ಕೆ ಕಳಿಸಲು ಎಷ್ಟು ಸೈನ್ಯಗಳಿಗೆ ಮನಸ್ಸು ಬಂದೀತು? ತಂಡ ಮತ್ತೆ ಎದ್ದದ್ದು 2015ರಲ್ಲಿ, ಈ ಸಲ ನಾಲ್ಕು ಹಾಕ್ ವಿಮಾನಗಳೊಂದಿಗೆ. ಮುಂದೆ ಅವು ಮತ್ತೆ ಒಂಬತ್ತಾದವು.

ಹಾಕ್ ಬಂದ ಕಥೆ ಬೀದರ್ ನೆಲೆಯ ನಿಜವಾದ ಕೆಲಸವನ್ನು ಹೇಳುತ್ತದೆ. ಹೊಸ ಪೈಲಟ್‌ಗಳನ್ನು ಸಾವಕಾಶದ ಕಿರಣ್‌ನಿಂದ ಇಳಿಸಿ ನೇರ ಮಿಗ್–21ರಲ್ಲಿ ಕೂರಿಸುತ್ತಿದ್ದ ಕಾಲವೊಂದಿತ್ತು. ಆ ಜಿಗಿತ ತೀರಾ ದೊಡ್ಡದು, ನಡುವೆ ಒಂದು ಮೆಟ್ಟಿಲು ಬೇಕು ಎಂದು ಏರ್ ಮಾರ್ಷಲ್ ಲಾ ಫಾಂಟೇನ್ ಸಮಿತಿ 1982ರಲ್ಲೇ ಹೇಳಿತ್ತು. ಆ ಮೆಟ್ಟಿಲಾಗಬೇಕಿದ್ದ ಹಾಕ್‌ಗಳ ಖರೀದಿಯ ಒಪ್ಪಂದಕ್ಕೆ ಸಹಿ ಬಿದ್ದದ್ದು 2004ರ ಮಾರ್ಚಿನಲ್ಲಿ. ಆ ಇಪ್ಪತ್ತೆರಡು ವರ್ಷ ನಮ್ಮ ಹುಡುಗರು ಮೆಟ್ಟಿಲಿಲ್ಲದ ಅಟ್ಟ ಹತ್ತಿದರು. ಎಲ್ಲರೂ ಕೆಳಗಿಳಿದು ಬರಲಿಲ್ಲ. 66 ಹಾಕ್‌ಗಳಲ್ಲಿ 24 ಬ್ರಿಟನ್ನಿನಿಂದ ಸಿದ್ಧವಾಗಿ ಬಂದವು, 42 ಬೆಂಗಳೂರಿನಲ್ಲಿ ತಯಾರಾದವು. 2008ರ ಫೆಬ್ರುವರಿ 23ರಂದು ಆಗಿನ ರಕ್ಷಣಾ ಸಚಿವ ಎ.ಕೆ. ಆಂಟನಿ ಬೀದರಿನಲ್ಲಿ ಅವನ್ನು ವಾಯುಪಡೆಗೆ ಸೇರಿಸಿದರು. ಅಂದಿನಿಂದ ಫೈಟರ್ ಪೈಲಟ್ ಆಗಬೇಕೆಂಬವರ ದಾರಿ ಈ ಊರಿನ ಮೇಲೆ ಹಾಯುತ್ತದೆ. 2016ರ ಜೂನ್‌ನಲ್ಲಿ ದುಂಡಿಗಲ್ ಅಕಾಡೆಮಿಯಿಂದ ಹೊರಬಿದ್ದ ದೇಶದ ಮೊದಲ ಮಹಿಳಾ ಫೈಟರ್ ಪೈಲಟ್‌ಗಳಾದ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಹಾಕ್ ಪಾಠಕ್ಕೆ ಬಂದದ್ದೂ ಇಲ್ಲಿಗೇ.

ಈ ನೆಲೆಯ ಹುಟ್ಟು ಇನ್ನೂ ಹಿಂದಿನದು, ಎರಡನೇ ಮಹಾಯುದ್ಧದ 1942ರದು. ಬೀದರ್ ಆಗ ನಿಜಾಮನದು. 1948ರಲ್ಲಿ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ಸಾಹಸಿ ಕರಾಚಿಯಿಂದ ಲ್ಯಾಂಕಾಸ್ಟ್ರಿಯನ್ ವಿಮಾನಗಳಲ್ಲಿ ನಿಜಾಮನಿಗೆ ಕದ್ದು ಬಂದೂಕು ಸಾಗಿಸಿದ; ಇಳಿಸಿದ ತಾಣಗಳಲ್ಲಿ ಬೀದರೂ ಒಂದು. ಆ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯಲ್ಲಿ ಭಾರತೀಯ ವಾಯುಪಡೆಯ ಟೆಂಪೆಸ್ಟ್ ವಿಮಾನಗಳು ವಾರಂಗಲ್ ಮತ್ತು ಬೀದರ್ ವಿಮಾನ ನಿಲ್ದಾಣಗಳ ಮೇಲೆ ದಾಳಿ ಮಾಡಿದವು. 17ರ ಬೆಳಗಿನ ಜಾವ ಸೇನೆ ಊರೊಳಗೆ ಬಂತು. ಹದಿನೈದು ವರ್ಷ ಕಳೆಯಿತು. ಚೀನಾ ಯುದ್ಧದ ಪೆಟ್ಟಿನಿಂದ ಎಚ್ಚೆತ್ತ ಸರ್ಕಾರಕ್ಕೆ ಪೈಲಟ್‌ಗಳು ತುರ್ತಾಗಿ ಬೇಕಾದಾಗ, 1963ರಲ್ಲಿ, ತಾನೇ ದಾಳಿ ಮಾಡಿದ್ದ ಬೀದರಿನಲ್ಲಿ ವಾಯುಪಡೆ ಶಾಲೆ ತೆರೆಯಿತು. ಎಚ್‌ಎಎಲ್‌ನ ಪುಟ್ಟ ಎಚ್‌ಟಿ–2 ವಿಮಾನಗಳಲ್ಲಿ ಮೊದಲ ಅಕ್ಷರ ತಿದ್ದಿದವರು ಎಷ್ಟೋ ಮಂದಿ.

ಈ ಊರಿಗೆ ಶಾಲೆ ಹೊಸದಲ್ಲ. ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ಇಲ್ಲಿಯೇ ಇದೆ. ಔರಂಗಜೇಬನ ಕಾಲದಲ್ಲಿ ಸೈನ್ಯ ಅದರೊಳಗೆ ಮದ್ದು ತುಂಬಿಟ್ಟಿತ್ತೆಂದೂ ಸಿಡಿಲು ಬಡಿದು ಅರ್ಧ ಕಟ್ಟಡ ಹಾರಿಹೋಯಿತೆಂದೂ ಹೇಳುತ್ತಾರೆ. ಶಾಲೆಯನ್ನು ಸೈನ್ಯ ನುಂಗಿದ ಊರಿನಲ್ಲಿ ಮುಂದೊಂದು ದಿನ ಸೈನ್ಯವೇ ಶಾಲೆಯಾಗಿ ಬಂದದ್ದು ಕಾಕತಾಳೀಯ ಇರಬಹುದು. ನನಗದು ಚೆಂದ ಕಾಣುತ್ತದೆ.

ಊರಿಗೂ ನೆಲೆಗೂ ನಂಟು ಹತ್ತಿರದ್ದು, ಆದರೆ ಸರಾಗವಾದುದಲ್ಲ. ಮೋಟರು ಸೈಕಲ್ಲಿನಲ್ಲಿ ಬರುವ ಕ್ರಾಪಿನ ಹುಡುಗರು, ನಾನಕ್ ಝೀರಾ ಗುರುದ್ವಾರಕ್ಕೆ ಹೋಗುವ ಪಂಜಾಬಿ ಕುಟುಂಬಗಳು ಸಂತೆಗೆ ಹೊಸತೇನಲ್ಲ. ಆದರೆ ಆ ರನ್‌ವೇಯಿಂದ ಊರಿನವರೇ ಹಾರುವುದಕ್ಕೆ ಬಹಳ ಕಾಲ ಬೇಕಾಯಿತು. ನಾಗರಿಕ ಟರ್ಮಿನಲ್ ಸಿದ್ಧವಾಗಿಯೂ ವರ್ಷಗಟ್ಟಲೆ ಖಾಲಿ ನಿಂತಿತ್ತು. ಹೈದರಾಬಾದಿನ ಹೊಸ ನಿಲ್ದಾಣದ ನೂರೈವತ್ತು ಕಿಲೋಮೀಟರ್ ಸುತ್ತಳತೆಯಲ್ಲಿ ಇನ್ನೊಂದು ಬೇಡ ಎಂಬ ಷರತ್ತು ಅಡ್ಡ ಬಂದಿತ್ತು. 2020ರ ಫೆಬ್ರುವರಿ 7ರಂದು ಮೊದಲ ಪ್ರಯಾಣಿಕ ವಿಮಾನ ಬೆಂಗಳೂರಿನಿಂದ ಬಂತು. ಆಮೇಲೂ ಸೇವೆ ನಿಂತು, ಶುರುವಾಗಿ, ಮತ್ತೆ ನಿಂತು ಸಾಗಿದೆ. ಔರಾದದಿಂದ ಬೆಂಗಳೂರಿಗೆ ಹೋಗಬೇಕಾದ ರೋಗಿಗೆ ತಲೆಯ ಮೇಲಿನ ಗದ್ದಲ ಮಾತ್ರ ಮೊದಲಿನಿಂದಲೂ ಪುಕ್ಕಟೆ.

ನೋಡಬೇಕೆನ್ನುವವರಿಗೆ: ನೆಲೆಯೊಳಗೆ ಸಾರ್ವಜನಿಕರಿಗೆ ಪ್ರವೇಶವಿಲ್ಲ, ತಾಲೀಮಿನ ವೇಳಾಪಟ್ಟಿಯನ್ನು ಯಾರೂ ಮುಂಚಿತವಾಗಿ ಸಾರುವುದಿಲ್ಲ, ಬೇಲಿಯ ಬಳಿ ಕ್ಯಾಮೆರಾ ಎತ್ತಿದರೆ ಕಾವಲಿನವರು ಮಾತಾಡಿಸಲು ಬರುತ್ತಾರೆ. ಕೋಟೆಯ ಗೋಡೆಯ ಮೇಲೋ ಅಷ್ಟೂರಿನ ಗುಂಬಜುಗಳ ಬಯಲಿನಲ್ಲೋ ಮಳೆ ಮೋಡವಿಲ್ಲದ ಬೆಳಿಗ್ಗೆ ಹೋಗಿ ನಿಲ್ಲಿ. ಒಂಬತ್ತು ಬಾರದಿದ್ದರೂ ಒಂಟಿ ಹಾಕ್ ಒಂದಾದರೂ ಇಳಿಯಲು ಸುತ್ತು ಹಾಕುತ್ತಿರುತ್ತದೆ. ಇಳಿದಂತೆ ಮಾಡಿ ಮತ್ತೆ ಏರಿದರೆ, ಒಳಗೆ ಹೊಸ ಹುಡುಗನೋ ಹುಡುಗಿಯೋ ಇದ್ದು, ಹಿಂದಿನ ಸೀಟಿನಿಂದ ಮೇಷ್ಟ್ರು ‘ಇನ್ನೊಮ್ಮೆ’ ಅಂದಿರುತ್ತಾರೆ.