ಸೈಕೋಸಿಸ್‌: ಆಸ್ಪತ್ರೆಗೆ ಮುನ್ನ ಕಳೆದುಹೋಗುವ ತಿಂಗಳುಗಳು

ಸೈಕೋಸಿಸ್‌ ವಾಸ್ತವದ ಹಿಡಿತ ತಪ್ಪುವ ಸ್ಥಿತಿ. ಸುತ್ತ ಯಾರೂ ಇಲ್ಲದಿದ್ದರೂ ಕಿವಿಗೆ ಮಾತು ಬೀಳುತ್ತದೆ. ನೆರೆಹೊರೆಯವರು ಸಂಚು ಹೂಡಿದ್ದಾರೆಂಬ ಸಂಶಯ ಎಷ್ಟು ಸಮಾಧಾನ ಹೇಳಿದರೂ ಕದಲುವುದಿಲ್ಲ. ಸ್ಕಿಜೋಫ್ರೇನಿಯಾದ ಮುಖ್ಯ ಲಕ್ಷಣ ಇದು. ಬೈಪೋಲಾರ್‌ ಕಾಯಿಲೆ, ತೀವ್ರ ಖಿನ್ನತೆ, ಗಾಂಜಾ ಚಟದಲ್ಲೂ ಕಾಣಿಸಬಹುದು. ಹೆಚ್ಚಿನವರಲ್ಲಿ ಹದಿಹರೆಯದ ಕೊನೆಗೋ ಇಪ್ಪತ್ತರ ಆಸುಪಾಸಿಗೋ ಶುರುವಾಗುತ್ತದೆ. ಲಕ್ಷಣ ಕಂಡಂದಿನಿಂದ ಸರಿಯಾದ ಚಿಕಿತ್ಸೆ ಸಿಗುವವರೆಗಿನ ಅವಧಿ ಉದ್ದವಾದಷ್ಟೂ ಚೇತರಿಕೆ ಕಷ್ಟ. ಈ ಅವಧಿಯನ್ನು ತಗ್ಗಿಸಲೆಂದೇ 1990ರ ದಶಕದಲ್ಲಿ ಮೆಲ್ಬರ್ನ್‌ನಲ್ಲಿ ಯುವಜನರಿಗೆ ಪ್ರತ್ಯೇಕ ಸೇವೆ ಆರಂಭವಾಯಿತು.

ಬೆಂಗಳೂರಿನ ದಂಡು ಪ್ರದೇಶದಲ್ಲಿ, ಅದರ ಪೂರ್ವದ ಬಡಾವಣೆಗಳಲ್ಲಿ ದೂರ ದೊಡ್ಡ ಅಡ್ಡಿಯಲ್ಲ. ಶಿವಾಜಿನಗರದ ಬೌರಿಂಗ್‌ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಇಂದಿರಾನಗರದಲ್ಲಿ ಸರ್‌ ಸಿ.ವಿ. ರಾಮನ್‌ ಆಸ್ಪತ್ರೆ, ಕೆ.ಆರ್‌. ಪುರದಲ್ಲಿ ಸಾರ್ವಜನಿಕ ಆಸ್ಪತ್ರೆ ಇವೆ. ಹಲಸೂರಿನಲ್ಲಿ ಆಟೋ ಹತ್ತಿದರೆ ಹೊಸೂರು ರಸ್ತೆಯ ನಿಮ್ಹಾನ್ಸ್‌ ತಲುಪಬಹುದು. ಆದರೂ, ನಿಮ್ಹಾನ್ಸ್‌ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ, ದೇಶದಲ್ಲಿ ಈ ಬಗೆಯ ಕಾಯಿಲೆಯಿರುವ ನಾಲ್ವರಲ್ಲಿ ಸುಮಾರು ಮೂವರು ಚಿಕಿತ್ಸೆಯಿಂದ ಹೊರಗಿದ್ದಾರೆ.

ಕಾಲ ಕಳೆಯುವುದು ಮನೆಯೊಳಗೆ. ಹುಡುಗ ಕಾಲೇಜು ಬಿಟ್ಟು ಕೋಣೆ ಸೇರಿದರೆ ಮೊದಲು ಮೊಬೈಲಿಗೆ ಬೈಗುಳ. ಆಮೇಲೆ ಅವನಿಗೆ ನಿದ್ದೆಯಿಲ್ಲ, ಸ್ನಾನ ಬೇಡ. ಅಮ್ಮ ಬಡಿಸಿದ ಸಾರಿನಲ್ಲಿ ಏನೋ ಬೆರೆಸಿದ್ದಾರೆಂದು ತಟ್ಟೆ ತಳ್ಳುತ್ತಾನೆ. ಆಗ ಗಾಳಿ ಸೋಕಿದೆ, ಯಾರೋ ಮಾಟ ಮಾಡಿಸಿದ್ದಾರೆ ಎಂಬ ಮಾತು. ತಾಯತ, ದರ್ಗಾ, ದೇವಸ್ಥಾನ, ಚರ್ಚಿನ ಪ್ರಾರ್ಥನೆ. ‘ಮದುವೆ ಮಾಡಿ, ಸರಿಹೋಗ್ತಾನೆ’ ಎನ್ನುವ ನೆಂಟರಿಗೂ ಬರವಿಲ್ಲ. ಇಷ್ಟು ಕೆಟ್ಟ ಸಲಹೆ ಇನ್ನೊಂದು ಸಿಗಲಾರದು. ಮಗಳಾದರೆ, ಸಂಬಂಧ ತಪ್ಪೀತೆಂಬ ಭಯಕ್ಕೆ ವಿಷಯ ಹೊಸ್ತಿಲು ದಾಟುವುದೇ ಇಲ್ಲ.

ಹಾಗೆಂದು ಹರಕೆಯನ್ನು ಹಳಿದು ಪ್ರಯೋಜನವಿಲ್ಲ. ತಮಿಳುನಾಡಿನ ಮುತ್ತುಸ್ವಾಮಿ ದೇವಸ್ಥಾನವೊಂದರಲ್ಲಿ ತಂಗಿದ್ದ 31 ಮಂದಿಯನ್ನು ನಿಮ್ಹಾನ್ಸ್‌ ಸಂಶೋಧಕರು ಗಮನಿಸಿದಾಗ, ಅವರ ಲಕ್ಷಣಗಳು ಸುಮಾರು ಐದನೇ ಒಂದರಷ್ಟು ತಗ್ಗಿದ್ದವು; ವರದಿ 2002ರಲ್ಲಿ ಪ್ರಕಟವಾಯಿತು. ಅದಕ್ಕೂ ಮುಂಚೆ, 2001ರ ಆಗಸ್ಟ್‌ನಲ್ಲಿ, ಅದೇ ರಾಜ್ಯದ ಏರ್ವಾಡಿಯಲ್ಲಿ ದರ್ಗಾಕ್ಕೆಂದು ಬಂದು ಖಾಸಗಿ ಆಶ್ರಯತಾಣದಲ್ಲಿ ಸರಪಳಿ ಬಿಗಿಸಿಕೊಂಡಿದ್ದವರು ಬೆಂಕಿಯಿಂದ ಓಡಲಾಗದೆ ಸತ್ತರು. ಆಸರೆ ಕೊಡುವ ಜಾಗಕ್ಕೂ ಕಟ್ಟಿಹಾಕುವ ಜಾಗಕ್ಕೂ ಅಜಗಜಾಂತರ. ತಾಯತ ತೋಳಿನಲ್ಲೇ ಇರಲಿ, ಮಾತ್ರೆ ತಪ್ಪದಿದ್ದರಾಯಿತು.

ಮೊದಲ ಭೇಟಿಯಲ್ಲಿ ವೈದ್ಯರು ಮನೆಯವರನ್ನೂ ಕೂರಿಸಿಕೊಂಡು ಬದಲಾವಣೆ ಯಾವಾಗಿನಿಂದ, ನಿದ್ದೆ ಹೇಗಿದೆ, ಗಾಂಜಾ ಅಭ್ಯಾಸವಿದೆಯೇ, ಫಿಟ್ಸ್‌ ಬಂದಿತ್ತೇ ಎಂದು ವಿಚಾರಿಸುತ್ತಾರೆ. ರಿಸ್ಪೆರಿಡೋನ್‌, ಒಲಾಂಜಪಿನ್‌ನಂಥ ಮಾತ್ರೆಗಳಿಂದ ಸಾಮಾನ್ಯವಾಗಿ ನಿದ್ದೆ ಬೇಗ ಸುಧಾರಿಸುತ್ತದೆ. ದನಿಗಳು ಅಡಗಲು ವಾರಗಳು ಬೇಕು. ಗುಣವಾಯಿತೆಂದು ತಾವಾಗಿಯೇ ಮಾತ್ರೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಸಾಧ್ಯತೆ ಹೆಚ್ಚು. ಮೊದಲ ಸಲವೇ ಆದರೂ ಒಂದೆರಡು ವರ್ಷ ಮುಂದುವರಿಸುವುದು ರೂಢಿ.

‘ನನಗೇನಾಗಿದೆ?’ ಎಂದು ಬರಲೊಪ್ಪದವರೇ ಹೆಚ್ಚು. ಅಂಥಲ್ಲಿ 2022ರ ಅಕ್ಟೋಬರ್‌ನಿಂದಿರುವ ಟೆಲಿ ಮಾನಸ್‌ನ 14416ಕ್ಕೆ ಮನೆಯವರೇ ಕರೆ ಮಾಡಿ ಕನ್ನಡದಲ್ಲಿ ಸಲಹೆ ಪಡೆಯಬಹುದು, ಕರೆ ಉಚಿತ. ಜೀವಕ್ಕೆ ಅಪಾಯವಿದ್ದರೆ, 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ ರೋಗಿಯ ನಾಮನಿರ್ದೇಶಿತ ಪ್ರತಿನಿಧಿ ಅರ್ಜಿ ಕೊಟ್ಟು, ಮನೋವೈದ್ಯರೂ ಸೇರಿ ಇಬ್ಬರು ಪ್ರತ್ಯೇಕವಾಗಿ ಪರೀಕ್ಷಿಸಿದ ಮೇಲೆ, 30 ದಿನಗಳವರೆಗೆ ದಾಖಲಿಸಿಕೊಳ್ಳಲು ಅವಕಾಶವಿದೆ.